ರೋಹಿಣಿ ಮಳೆಯಲ್ಲಿ ರೋಹಿಣಿ ಕಾಣುವುದಿಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಹಿರಿಯ ರೈತರ ಬಾಯಲ್ಲಿ ನಕ್ಷತ್ರಗಳ ಹೆಸರುಗಳು ತಡವರಿಸದೆ ಬರುತ್ತವೆ: ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು. ಬಿತ್ತಿಗೆಯ ಲೆಕ್ಕ ನಿಂತಿರುವುದೇ ಇವುಗಳ ಮೇಲೆ. ಆದರೆ ರೋಹಿಣಿ ಮಳೆಯ ಕಾಲದಲ್ಲಿ ಮೋಡ ಸರಿದರೆ ರೋಹಿಣಿ ನಕ್ಷತ್ರ ಕಂಡೀತು ಎಂದು ಅನೇಕರು ತಿಳಿದಿದ್ದಾರೆ. ಎಷ್ಟು ಶುಭ್ರ ರಾತ್ರಿಯಾದರೂ ಆಗ ಅದು ಕಾಣುವುದಿಲ್ಲ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಸೂರ್ಯ ರೋಹಿಣಿಯ ಬಳಿ ಇರುತ್ತಾನೆ. ಅದಕ್ಕೇ ಆ ಮಳೆಗೆ ಆ ಹೆಸರು. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವ ಚುಕ್ಕಿ ರಾತ್ರಿ ಎಲ್ಲಿಂದ ಸಿಗಬೇಕು? ಅದನ್ನು ಸಂಜೆಯ ಆಕಾಶದಲ್ಲಿ ಚೆನ್ನಾಗಿ ನೋಡಲು ಆರೇಳು ತಿಂಗಳು ಕಾಯಬೇಕು.

ಹಾಗೆ ಕಾದರೆ ಸರಿಯಾಗಿ ಎಳ್ಳಮಾವಾಸ್ಯೆ ಬರುತ್ತದೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಉಂಡು ಎಲ್ಲರೂ ಹೊತ್ತು ಮುಳುಗುವ ಮುಂಚೆ ಮನೆಗೆ ಹೊರಡುತ್ತಾರೆ, ಅಮಾವಾಸ್ಯೆಯ ಕತ್ತಲು ಕೆಟ್ಟದ್ದೆಂಬ ಭಯ ಬೇರೆ. ನನ್ನ ಮಾತು ಕೇಳಿ, ಆವತ್ತು ಎಂಟು ಗಂಟೆಯವರೆಗೆ ಹೊಲದಲ್ಲೇ ಇರಿ. ಚಂದ್ರನ ಬೆಳಕಿಲ್ಲದ ರಾತ್ರಿಯಷ್ಟು ಚುಕ್ಕಿ ನೋಡುವವರಿಗೆ ಒಳ್ಳೆಯದು ಇನ್ನೊಂದಿಲ್ಲ. ಪೂರ್ವದಲ್ಲಿ ಎತ್ತರಕ್ಕೆ ಕೃತ್ತಿಕೆಯ ಪುಟ್ಟ ಗೊಂಚಲು, ಅದರ ಕೆಳಗೆ ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಕೆಳಗೆ ಮೃಗಶಿರ ಮತ್ತು ಕೆಂಪಗಿನ ಆರ್ದ್ರಾ. ಮಳೆಯ ಪಟ್ಟಿ ಆಕಾಶದಲ್ಲಿ ಅದೇ ಕ್ರಮದಲ್ಲಿ ನಿಂತಿರುತ್ತದೆ. ಮೊಬೈಲ್ ಮಾತ್ರ ಕಿಸೆಯಲ್ಲಿರಲಿ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ತಾಸು ಬೇಕು, ಪರದೆಯ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ.

ಇದಕ್ಕೆಲ್ಲ ಮೊದಲು ಟೆಲಿಸ್ಕೋಪ್ ಬೇಕು ಎಂಬ ಮಾತನ್ನು ಮಕ್ಕಳ ತಂದೆತಾಯಂದಿರಿಂದ ಮತ್ತೆ ಮತ್ತೆ ಕೇಳುತ್ತೇನೆ. ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದ್ದು 1150ರಲ್ಲಿ. ಅವರ ಊರು ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರು, ಮಹಾರಾಷ್ಟ್ರದ ಕಡೆಯದು ಎಂದು ಇನ್ನು ಕೆಲವರು. ಆ ವಾದ ಇರಲಿ. ಯಂತ್ರಾಧ್ಯಾಯದಲ್ಲಿ ಹಲವು ಉಪಕರಣಗಳನ್ನು ವಿವರಿಸಿ ಅವರು ಎಲ್ಲಕ್ಕಿಂತ ಮೇಲೆ ಇಟ್ಟದ್ದು ‘ಧೀಯಂತ್ರ’ವನ್ನು: ಕೈಯಲ್ಲೊಂದು ಕೋಲು, ಜೊತೆಗೆ ಬುದ್ಧಿ. ಟೆಲಿಸ್ಕೋಪ್ ಬರಲು ಆಗ ಇನ್ನೂ ನಾಲ್ಕೂವರೆ ಶತಮಾನ ಬಾಕಿಯಿತ್ತು. ಒಂದು ಚಳಿಗಾಲ ಬರಿಗಣ್ಣಿನಲ್ಲಿ ನೋಡಿ, ಆಮೇಲೆ 7x50 ಅಥವಾ 10x50 ದುರ್ಬೀನು ಕೊಳ್ಳಿ. ಅದನ್ನು ಮಾಳಿಗೆಯ ಕುಂಬಿಗೆ ಒತ್ತಿ ಅಲುಗಾಡದಂತೆ ಹಿಡಿದರೆ ಗುರುವಿನ ಅಕ್ಕಪಕ್ಕ ಅದರ ನಾಲ್ಕು ಚಂದ್ರಗಳು ಸಿಗುತ್ತವೆ.

ಇನ್ನು ಹಣ ಹಾಳುಮಾಡುವ ನಂಬಿಕೆಗೆ ಬರೋಣ: ಎಷ್ಟು ಹೆಚ್ಚು ಪಟ್ಟು ದೊಡ್ಡದಾಗಿ ತೋರಿಸಿದರೆ ಅಷ್ಟು ಒಳ್ಳೆಯ ಟೆಲಿಸ್ಕೋಪ್. ಅಗ್ಗದ ಪೆಟ್ಟಿಗೆಗಳ ಮೇಲೆ ‘525 ಪಟ್ಟು’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಆ ಸಂಖ್ಯೆ ಹುಟ್ಟುವ ಬಗೆ ಸುಲಭ. 700 ಮಿಲಿಮೀಟರ್ ಸಂಗಮದೂರದ ಕೊಳವೆಗೆ 4 ಮಿಲಿಮೀಟರಿನ ಕಣ್ಣುಮಸೂರ ಹಾಕಿದರೆ 175 ಪಟ್ಟು. ನಡುವೆ ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ 525. ಲೆಕ್ಕ ಸರಿ, ನೋಟ ಮಂಜುಮಂಜು. ಮುಂದಿನ ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟಿಗೆ ಅದರ ತಾಕತ್ತು ಮುಗಿಯುತ್ತದೆ. 60 ಮಿಲಿಮೀಟರಿನದಕ್ಕೆ 120 ಪಟ್ಟೇ ಮಿತಿ. ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ಚಂದ್ರಗಳನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ. ಶನಿಯ ಉಂಗುರಕ್ಕೆ 40 ಪಟ್ಟು ಸಾಕು.

ಅಂಗಡಿಯಲ್ಲಿ ಕೇಳಬೇಕಾದದ್ದು ಅಗಲವನ್ನು. ಮಳೆನೀರು ಹಿಡಿಯಲು ಅಂಗಳದಲ್ಲಿಟ್ಟ ಪಾತ್ರೆಯ ಬಾಯಿ ಅಗಲವಿದ್ದಷ್ಟೂ ನೀರು ಹೆಚ್ಚು, ಬೆಳಕಿನದೂ ಹಾಗೆಯೇ. 150 ಮಿಲಿಮೀಟರಿನ ಕನ್ನಡಿ 60 ಮಿಲಿಮೀಟರಿನ ಮಸೂರಕ್ಕಿಂತ ಆರು ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಕೊಟ್ಟ ಹಣಕ್ಕೆ ಹೆಚ್ಚು ಅಗಲ ಸಿಗುವುದು ಡಾಬ್ಸೋನಿಯನ್ ಮಾದರಿಯಲ್ಲಿ: ಕೆಳಗೊಂದು ಮರದ ಪೀಠ, ಮೇಲೆ ಕನ್ನಡಿಯ ಕೊಳವೆ, ಗಾಳಿಗೆ ನಡುಗುವ ತೆಳುಗಾಲಿನ ಸ್ಟ್ಯಾಂಡ್ ಇಲ್ಲ. ಇದರಲ್ಲಿ ಚಿತ್ರ ತಲೆಕೆಳಗಾಗಿ ಕಂಡರೆ ದೋಷವೆಂದು ವಾಪಸು ಕಳಿಸಬೇಡಿ, ಇದರ ರಚನೆಯೇ ಹಾಗೆ. ಎರೆಮಣ್ಣಿನ ಧೂಳು ಕನ್ನಡಿಗೆ ಕೂತರೆ ಬಟ್ಟೆಯಿಂದ ಉಜ್ಜಲೂಬಾರದು. ಮೇಲಿನ ಅಲ್ಯೂಮಿನಿಯಂ ಲೇಪ ಗೀಚಿಹೋಗುತ್ತದೆ. ನೋಡದಿದ್ದಾಗ ಮುಚ್ಚಿಡಿ, ಅಷ್ಟು ಸಾಕು.

ಹಬಲ್ ಚಿತ್ರಗಳಂಥ ಬಣ್ಣ ಯಾವ ಮನೆಯ ಟೆಲಿಸ್ಕೋಪಿನಲ್ಲೂ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಗ್ರಹಿಸುವ ಕೋಶಗಳು ಕೆಲಸ ಮಾಡವು. ಆಂಡ್ರೊಮಿಡಾ ಗೆಲಾಕ್ಸಿ ಬೂದು ಕಲೆಯಂತೆ ಕಾಣುತ್ತದೆ. ಆ ಬೆಳಕು ಹೊರಟು 25 ಲಕ್ಷ ವರ್ಷವಾಗಿದೆ ಎಂದು ಗೊತ್ತಿದ್ದು ನೋಡಿದವರಿಗೆ ಆ ಕಲೆ ಸಣ್ಣದೆನಿಸುವುದಿಲ್ಲ. ಚಂದ್ರನನ್ನು ಹುಣ್ಣಿಮೆಗೇ ನೋಡಬೇಕೆಂಬುದೂ ತಪ್ಪು. ಹುಣ್ಣಿಮೆಯಲ್ಲಿ ಬೆಳಕು ನೇರ ಬೀಳುವುದರಿಂದ ನೆರಳಿಲ್ಲ, ಎಲ್ಲ ಚಪ್ಪಟೆ. ಅಷ್ಟಮಿಯ ಆಸುಪಾಸಿನಲ್ಲಿ ಕುಳಿಗಳ ಅಂಚು ಎದ್ದು ನಿಲ್ಲುತ್ತದೆ.

ಬೆಟ್ಟದ ಮೇಲೆ, ವೀಕ್ಷಣಾಲಯಗಳಿರುವ ಕಾವಲೂರಿನಲ್ಲೋ ಲಡಾಖಿನ ಹಾನ್ಲೆಯಲ್ಲೋ ಮಾತ್ರ ಆಕಾಶವಿದೆ ಎಂದು ಕೊರಗುವವರಿಗೆ ಹೇಳಬೇಕಾದದ್ದಿದೆ. ಮೊದಲು ಹೆಸರಿಸಿದ ನಾಲ್ಕೂ ತಾಲ್ಲೂಕುಗಳು ಇರುವುದು ಉತ್ತರ ಅಕ್ಷಾಂಶ 17ರ ಆಸುಪಾಸಿನಲ್ಲಿ. ಒಣಸೀಮೆ, ಬಯಲು ನೆಲ, ದಿಗಂತಕ್ಕೆ ಅಡ್ಡ ಬರುವ ಗುಡ್ಡಗಳು ಕಡಿಮೆ. ಕೂಡಗಿ ವಿದ್ಯುತ್ ಸ್ಥಾವರದಂಥ ಕಡೆಯ ದೀಪಗಳಿಗೆ ಬೆನ್ನು ಮಾಡಿ ನಿಂತರೆ ದಕ್ಷಿಣದ ಆಕಾಶ ಆಳವಾಗಿ ತೆರೆಯುತ್ತದೆ. ಲಂಡನ್ನಿನಲ್ಲಿ ಎಂದೂ ಹುಟ್ಟದ ಅಗಸ್ತ್ಯ ನಕ್ಷತ್ರ ಇಲ್ಲಿ ದಿಗಂತದಿಂದ 20 ಡಿಗ್ರಿ ಏರುತ್ತದೆ. ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಮಲಗುವ ಮುನ್ನ ದುರ್ಬೀನನ್ನು ದಕ್ಷಿಣಕ್ಕೆ ತಿರುಗಿಸಿದರೆ ಒಮೇಗಾ ಸೆಂಟಾರಿ ಸಿಗುತ್ತದೆ: ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಲ, 25 ಡಿಗ್ರಿ ಎತ್ತರದಲ್ಲಿ.

ಒಂದು ಎಚ್ಚರ. ಅಗ್ಗದ ಪೆಟ್ಟಿಗೆಯಲ್ಲಿ ಕಣ್ಣುಮಸೂರಕ್ಕೆ ತಿರುಗಿಸಿ ಹಾಕುವ ಕಪ್ಪು ‘ಸೋಲಾರ್ ಫಿಲ್ಟರ್’ ಇದ್ದರೆ ಇವತ್ತೇ ಎಸೆಯಿರಿ. ಬಿಸಿಲಿನ ಕಾವಿಗೆ ಅದು ಒಡೆಯಬಹುದು, ಒಡೆದರೆ ಕಣ್ಣು ಹೋಗುತ್ತದೆ. ಫಿಲ್ಟರ್ ಇರಬೇಕಾದದ್ದು ಕೊಳವೆಯ ಮುಂಬಾಯಿಯ ಮೇಲೆ. 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. ಅಷ್ಟರೊಳಗೆ ಸರಿಯಾದ ಗ್ರಹಣ ಕನ್ನಡಕ ತರಿಸಿಟ್ಟುಕೊಳ್ಳಿ.