ಬೀದಿನಾಯಿಗಳೂ ಮುನಿಸಿಪಾಲಿಟಿಗಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಪೇಟೆಗಳಲ್ಲಿ ಹೊತ್ತು ಮುಳುಗಿದ ಮೇಲೆ ನಡೆದಾಡಿದವರಿಗೆ ಬೀದಿನಾಯಿಗಳ ವಿಷಯವನ್ನು ನಾವು ವಿವರಿಸಿ ಹೇಳಬೇಕಾದುದಿಲ್ಲ. ಬಸ್ಸು ನಿಲ್ದಾಣದ ಮಗ್ಗುಲಲ್ಲಿ, ಮಾಂಸದಂಗಡಿಗಳ ಹಿಂದೆ, ಕಲ್ಯಾಣಮಂಟಪದ ಎಂಜಲೆಲೆ ಬೀಳುವ ಮೂಲೆಯಲ್ಲಿ ಅವುಗಳ ಸಭೆ ನಿತ್ಯವೂ ಸೇರುತ್ತದೆ. ಮಗುವೊಂದಕ್ಕೆ ನಾಯಿ ಕಚ್ಚಿತೆಂದರೆ ಊರೆಲ್ಲ ಕೊಲ್ಲಿರೆಂದು ಕೂಗುತ್ತದೆ. ಎರಡು ದಿನ ಕಳೆದ ಮೇಲೆ ಅದೇ ಊರು ಅದೇ ಮೂಲೆಗೆ ಎಲೆಯನ್ನು ಎಸೆಯುತ್ತದೆ. ಈ ಕೋಪಕ್ಕೂ ಈ ಔದಾಸೀನ್ಯಕ್ಕೂ ನಡುವೆ, ಮಾಡಬೇಕಾದ ಕೆಲಸವು ಹಾಗೆಯೇ ಉಳಿದಿದೆ.

ಕೊಲ್ಲುವುದು ಹೊಸ ಉಪಾಯವೇನೂ ಅಲ್ಲ. ಮದರಾಸು ನಗರದವರು ಹತ್ತೊಂಬತ್ತನೆಯ ಶತಮಾನದಿಂದ ಮೊದಲುಗೊಂಡು 1996ರ ವರೆಗೂ ನಾಯಿಗಳನ್ನು ಹಿಡಿದು ಕೊಂದು ನೋಡಿದರು. ನಾಯಿಗಳೂ ತೀರಲಿಲ್ಲ, ಹುಚ್ಚುನಾಯಿ ರೋಗವೂ ತೊಲಗಲಿಲ್ಲ. ಕಾರಣವು ಸುಲಭವಾಗಿ ತಿಳಿಯತಕ್ಕದ್ದೇ. ಕಸದ ರಾಶಿಯು ಇದ್ದಲ್ಲಿಯೇ ಇರಲು, ಹತ್ತು ನಾಯಿಗಳು ಹೋದ ಬೀದಿಗೆ ಪಕ್ಕದ ಬೀದಿಯವು ಬಂದು ನೆಲಸುತ್ತವೆ. ಉಳಿದವುಗಳ ಮರಿಗಳಿಗೆ ಆಹಾರ ಹೆಚ್ಚಿ, ಹೆಚ್ಚು ಮರಿಗಳು ಬದುಕುತ್ತವೆ. ಆದುದರಿಂದಲೇ ಕೇಂದ್ರ ಸರ್ಕಾರದವರು 2001ರಲ್ಲಿಯೂ, ಮತ್ತೆ 2023ರಲ್ಲಿಯೂ ಮಾಡಿದ ನಿಯಮಗಳು ಬೇರೆ ದಾರಿಯನ್ನು ವಿಧಿಸಿವೆ: ನೋವಾಗದಂತೆ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಕಿವಿಯಲ್ಲಿ ಗುರುತು ಕತ್ತರಿಸಿ, ಹಿಡಿದ ಜಾಗದಲ್ಲಿಯೇ ಬಿಡುವುದು. ಇದನ್ನು ನಡೆಯಿಸುವ ಹೊಣೆಯು ಸ್ಥಳೀಯ ಸಂಸ್ಥೆಗಳದು. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರಂದು ಈ ಕ್ರಮವನ್ನೇ ಎತ್ತಿಹಿಡಿಯಿತು. ಹುಚ್ಚು ಹಿಡಿದವೂ ಕ್ರೂರವಾದವೂ ಮಾತ್ರ ಇದಕ್ಕೆ ಹೊರತು. ಅದೇ ವರ್ಷದ ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣ ಮೊದಲಾದ ಆವರಣಗಳೊಳಗಿನ ನಾಯಿಗಳನ್ನು ಹಿಂದಕ್ಕೆ ಬಿಡದೆ ಆಶ್ರಯಸ್ಥಾನಗಳಲ್ಲಿ ಇರಿಸತಕ್ಕದ್ದೆಂದೂ ಆಜ್ಞೆಯಾಯಿತು. ಆ ಆಶ್ರಯಸ್ಥಾನವೆಲ್ಲಿ ಎಂಬುದೇ ನಮ್ಮ ಪ್ರಶ್ನೆ.

ನಾಯಿಯ ಮೇಲಣ ದಯೆಯೆಂಬುದು ಪರದೇಶದವರಿಂದ ಕಲಿತ ಷೋಕಿಯೆಂದು ಹಾಸ್ಯಮಾಡುವ ಮಹನೀಯರಿದ್ದಾರೆ. ಅವರು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ಒಮ್ಮೆ ನೋಡಿಬರಬಹುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದುದನ್ನೂ, ಅದು ಹಂದಿಯೊಡನೆ ಹೋರಾಡಿ ಹಂದಿಯೂ ತಾನೂ ಮಡಿದುದನ್ನೂ ಕ್ರಿ. ಶ. 949–50ರ ಆ ಶಾಸನವು ಹೇಳುತ್ತದೆ. ಕನ್ನಡಿಗನು ನಾಯಿಗೆ ಕಲ್ಲು ಎಸೆಯುವುದನ್ನು ಮಾತ್ರವಲ್ಲ, ಕಲ್ಲು ನಿಲ್ಲಿಸುವುದನ್ನೂ ಬಲ್ಲವನಾಗಿದ್ದನು. ಆದರೆ ಕಾಳಿಗೆ ಒಡೆಯನೊಬ್ಬನಿದ್ದನು. ಬೀದಿನಾಯಿಗೆ ಮುನಿಸಿಪಾಲಿಟಿಯೇ ಒಡೆಯನಾಗಬೇಕಾಗಿದೆ.

ಒಂದೊಂದು ಸಣ್ಣ ಪೇಟೆಯೂ ಬೇರೆ ಬೇರೆಯಾಗಿ ಶಸ್ತ್ರಚಿಕಿತ್ಸೆಯ ಕೊಠಡಿ, ಗೂಡುಗಳು, ತರಬೇತಾದ ಪಶುವೈದ್ಯರು, ಬಲೆಗಾರರು, ವಾಹನ ಇವೆಲ್ಲವನ್ನೂ ಇಟ್ಟುಕೊಳ್ಳುವುದು ಆಗದ ಮಾತು. ಕೊರಟಗೆರೆಯಂಥ ಪಟ್ಟಣ ಪಂಚಾಯಿತಿಯ ವರಮಾನವನ್ನು ಬಲ್ಲವರು ಇದನ್ನು ಒಪ್ಪುವರು. ನಾಲ್ಕು ತಾಲ್ಲೂಕುಗಳೂ ಮಧುಗಿರಿಯ ಒಂದೇ ಉಪವಿಭಾಗಕ್ಕೆ ಸೇರಿರುವುದರಿಂದ, ನಾಲ್ಕಕ್ಕೂ ಕೂಡಿ ಒಂದು ಕೇಂದ್ರವನ್ನು ಏಕೆ ಕಟ್ಟಬಾರದು? ಸುತ್ತಣ ಗ್ರಾಮ ಪಂಚಾಯಿತಿಗಳೂ ಇದರಲ್ಲಿ ಸೇರಬೇಕು. ನೂರಕ್ಕೆ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದಲ್ಲದೆ ಹುಚ್ಚುನಾಯಿ ರೋಗದ ಸರಪಳಿ ಕಡಿಯದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಪೇಟೆಯಲ್ಲಿ ಮಾಡಿ ಹಳ್ಳಿಯಲ್ಲಿ ಬಿಟ್ಟರೆ ಕೆಲಸ ಕೆಟ್ಟಿತು. ಮೂರು ಕಡೆಯೂ ಆಂಧ್ರದ ಸೀಮೆಯಿಂದ ಸುತ್ತುವರಿದ ಪಾವಗಡದಲ್ಲಿ ಇನ್ನೂ ಎಚ್ಚರ ಬೇಕು; ನಾಯಿಗೆ ಗಡಿಕಲ್ಲು ಓದಲು ಬಾರದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನೂ ಮರೆಯಲಾಗದು. ಅಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಹಿಂಡುಗಟ್ಟಿದ ನಾಯಿಗಳಿಗೆ ಹುಲ್ಲಿನಲ್ಲಿ ಅಡಗಿ ಮಲಗಿದ ಎಳೆಯ ಮರಿಯು ಸುಲಭದ ತುತ್ತು. ಪೇಟೆಯಲ್ಲಿ ಹಿಡಿದ ನಾಯಿಯನ್ನು ರಾತ್ರಿಯಲ್ಲಿ ದೂರದ ಬಯಲಿಗೆ ಸಾಗಿಸಿ ಬಿಟ್ಟುಬರುವುದು ಅದಕ್ಕೂ ದಯೆಯಲ್ಲ, ಮೃಗಕ್ಕೂ ದಯೆಯಲ್ಲ.

ಕಚ್ಚಿಸಿಕೊಂಡವರ ವಿಷಯವಾಗಿ ಒಂದು ಮಾತು. ನಮ್ಮ ಬಾಲ್ಯದಲ್ಲಿ ಹೊಟ್ಟೆಗೆ ಹದಿನಾಲ್ಕು ಸೂಜಿಯೆಂದರೆ ದೊಡ್ಡವರೂ ನಡುಗುತ್ತಿದ್ದರು. ಆ ಭಯದಿಂದಲೇ ಇಂದಿಗೂ ಕೆಲವರು ಗಾಯಕ್ಕೆ ಸುಣ್ಣವನ್ನೋ ಖಾರದ ಪುಡಿಯನ್ನೋ ಮೆತ್ತಿ ಮನೆಯಲ್ಲಿ ಕೂರುತ್ತಾರೆ. ಆ ಚಿಕಿತ್ಸೆ ಹೋಗಿ ವರ್ಷಗಳಾದುವು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯವನ್ನು ತೊಳೆದು, ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋದರೆ ತೋಳಿಗೇ ಲಸಿಕೆ ಹಾಕುತ್ತಾರೆ. ಮೊದಲ ದಿನದ ತರುವಾಯ 3, 7, 28ನೆಯ ದಿನಗಳಲ್ಲಿ ತಪ್ಪದೆ ಹೋಗಬೇಕು. ಗಾಯ ಆಳವಾಗಿದ್ದರೆ ಬೇರೊಂದು ಔಷಧವೂ ಬೇಕಾಗುವುದು. ರೋಗದ ಲಕ್ಷಣ ತೋರಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ.

ನಾಲ್ಕು ಪೇಟೆಗಳ ಮುಖ್ಯಾಧಿಕಾರಿಗಳನ್ನೂ ಪಶುವೈದ್ಯ ಇಲಾಖೆಯವರನ್ನೂ ಒಂದೆಡೆ ಕೂಡಿಸಲು ಉಪವಿಭಾಗಾಧಿಕಾರಿಗಳವರಿಗೆ ಒಂದು ಮಧ್ಯಾಹ್ನವು ಸಾಕು. ಆ ಸಭೆಯು ಆಯವ್ಯಯದ ಪತ್ರ ಸಿದ್ಧವಾಗುವುದಕ್ಕೆ ಮೊದಲೇ ಸೇರಲಿ. ಅನಂತರ ಸೇರಿದರೆ, ಹಣವಿಲ್ಲವೆಂಬ ಉತ್ತರವು ಅವರಿಗಿಂತ ಮುಂಚೆಯೇ ಬಂದು ಕುಳಿತಿರುತ್ತದೆ.