ಉದ್ದ ಮೇಜಿನ ಅಡಿಯಲ್ಲಿ

ಚಿಂಚೋಳಿ, ಸೇಡಂ ಕಡೆಯ ಹುಡುಗರು ವಾಡಿಯಲ್ಲೋ ಶಹಾಬಾದಿನಲ್ಲೋ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಸೇರಿ ಐಟಿ ಕಂಪನಿಯಲ್ಲಿ ನೌಕರಿ ಹಿಡಿದರೆ ಊರವರು ಮೊದಲು ಕೇಳುವುದು ಪಗಾರ. ಆಮೇಲೆ, ‘ಕೂಡ್ಲಿಕ್ಕ ನಿನಗ ಬ್ಯಾರೆ ಖೋಲಿ ಕೊಟ್ಟಾರೇನು?’ ಖೋಲಿ ಎಲ್ಲಿಂದ ಬರಬೇಕು! ಇಡೀ ಅಂತಸ್ತಿಗೆ ಒಂದೇ ಹಾಲ್. ಅದರ ನಡುವೆ ಹತ್ತು ಹನ್ನೆರಡು ಮಂದಿ ಎದುರುಬದುರು ಕೂರುವ ಉದ್ದನೆಯ ಮರದ ಮೇಜು. ಲ್ಯಾಪ್‌ಟಾಪ್ ತೆರೆದಿಟ್ಟ ಕಡೆಯೇ ಅವತ್ತಿನ ಆಫೀಸು.

ಗೋಡೆ ಕೆಡವುವ ಈ ಚಟ ಐಟಿಯವರಿಂದ ಶುರುವಾದದ್ದಲ್ಲ. ಅಮೆರಿಕದ ಬಫಲೋ ನಗರದಲ್ಲಿ 1906ರಲ್ಲೇ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಲಾರ್ಕಿನ್ ಸೋಪ್ ಕಂಪನಿಗೆ ಕಟ್ಟಿಕೊಟ್ಟ ಕಚೇರಿಯಲ್ಲಿ ಗುಮಾಸ್ತರೆಲ್ಲ ತೆರೆದ ನಡುಮನೆಯಲ್ಲಿ ಸಾಲಾಗಿ ಕೂರುತ್ತಿದ್ದರು. 1960ರ ದಶಕದಲ್ಲಿ ಹರ್ಮನ್ ಮಿಲ್ಲರ್ ಕಂಪನಿಯ ರಾಬರ್ಟ್ ಪ್ರಾಪ್ಸ್ಟ್, ಕೆಲಸಗಾರನಿಗೆ ಸ್ವಲ್ಪ ಮರೆ ಇರಲೆಂದು ಜೋಡಿಸಿ ಬಿಚ್ಚಬಹುದಾದ ಅಡ್ಡ ತಡಿಕೆಗಳನ್ನು ರೂಪಿಸಿದ. ಕಂಪನಿಗಳು ಅದನ್ನೇ ಕುಗ್ಗಿಸಿ ಕ್ಯುಬಿಕಲ್ ಮಾಡಿಕೊಂಡವು. ಕ್ಯುಬಿಕಲ್ ಬೇಸರವಾದಾಗ ಮತ್ತೆ ಬಯಲು. ಕ್ಯಾಲಿಫೋರ್ನಿಯಾದಲ್ಲಿ 2015ರಲ್ಲಿ ತೆರೆದ ಫೇಸ್‌ಬುಕ್ ಕಟ್ಟಡದಲ್ಲಿ ಸುಮಾರು 2,800 ಮಂದಿಗೆ ಒಂದೇ ಸೂರು, ಒಂದೇ ಕೋಣೆ.

ಹಂಚಿಕೊಂಡು ಕೂರುವ ಮರದ ಮೇಜು ಮಾತ್ರ ಆಫೀಸಿನ ಕೂಸಲ್ಲ, ಹೋಟೆಲಿನದು. ಬ್ರಸೆಲ್ಸ್‌ನಲ್ಲಿ 1990ರಲ್ಲಿ ಬೇಕರಿ ತೆರೆದ ಆಲ್ಯಾಂ ಕೂಮೊಂ ಎಂಬಾತ ಹಳೆ ಸಾಮಾನಿನ ಸಂತೆಯಲ್ಲಿ ಒಂದು ದೊಡ್ಡ ಮೇಜು ಕೊಂಡು ತಂದು ಅಂಗಡಿಯ ನಡುವೆ ಇಟ್ಟ. ಅಪರಿಚಿತರು ಪಕ್ಕಪಕ್ಕ ಕೂತು ಬ್ರೆಡ್ ತಿನ್ನುವುದೇ ಅವನ ಲ ಪೇನ್ ಕೊಟಿಡಿಯನ್ ಅಂಗಡಿಗಳ ಗುರುತಾಯಿತು. (ನಮ್ಮ ಖಾನಾವಳಿಗಳಲ್ಲಿ ಇದು ಎಂದಿನಿಂದಲೂ ಇತ್ತು. ಅಲ್ಲಿ ಯಾರೂ ಅದನ್ನು ವಿನ್ಯಾಸ ಎನ್ನಲಿಲ್ಲ, ಅಷ್ಟೆ.) ಕಾಫಿ ಅಂಗಡಿಯಲ್ಲಿ ಕೂತು ಕೋಡ್ ಬರೆಯುವವರು ಹೆಚ್ಚಿದಂತೆ ಆಫೀಸುಗಳು ಕಾಫಿ ಅಂಗಡಿಯ ವೇಷ ಹಾಕಿಕೊಂಡವು. ಬೆಂಗಳೂರಿನ ಮಹದೇವಪುರದಲ್ಲಿ 2025ರ ಫೆಬ್ರವರಿಯಲ್ಲಿ ತೆರೆದ ಗೂಗಲ್‌ನ ‘ಅನಂತ’ 5,000ಕ್ಕೂ ಹೆಚ್ಚು ಮಂದಿಗೆ ಜಾಗ ಕೊಡುವ ಕಟ್ಟಡ. ಅದರ ನಡುವಿನ ಕೂಡುವ ಜಾಗಕ್ಕೆ ‘ಸಭಾ’ ಎಂದು ಹೆಸರು. ಹತ್ತಾರು ಜನ ಒಟ್ಟಾಗಿ ಕೂರಬೇಕೆಂಬ ಆಸೆ ಈಗ ನಕ್ಷೆ ಬರೆಯುವ ಹಂತದಲ್ಲೇ ಇರುತ್ತದೆ.

ಆದರೆ ಮರವೇ ಯಾಕೆ? ಚಿಂಚೋಳಿ ಕಡೆಯ ಐನಾಪುರ ಹೋಬಳಿಯಿಂದ ಚಿತ್ತಾಪುರದವರೆಗಿನ ಜನ ಈ ಪ್ರಶ್ನೆ ಕೇಳಿದರೆ ನ್ಯಾಯವಿದೆ. ಈ ಸೀಮೆಯಲ್ಲಿ ಮಂದಿ ಕೂಡಿ ಕೂತದ್ದು ಕಲ್ಲಿನ ಮೇಲೆ. ಭೀಮಾ ಕಣಿವೆಯ ಸುಣ್ಣದಕಲ್ಲು ಪದರ ಪದರವಾಗಿ ಏಳುತ್ತದೆ. ಸಂದಿಗೆ ಉಳಿ ಹಿಡಿದು ಹೊಡೆದರೆ ಸಪಾಟಾದ ಚಪ್ಪಡಿ ಕೈಗೆ ಬರುತ್ತದೆ. ದೇಶವೆಲ್ಲ ಶಹಾಬಾದ್ ಪರಸಿ ಎಂದು ಕರೆಯುವುದು ಇದನ್ನೇ. ಮನೆಯ ನೆಲ, ಅಡುಗೆ ಕಟ್ಟೆ, ಗುಡಿ ಮುಂದಿನ ಕಟ್ಟೆ ಎಲ್ಲವೂ ಅದೇ. ಚಿತ್ತಾಪುರ ಸೀಮೆಯ ಸನ್ನತಿಯ ಪಕ್ಕ ಕನಗನಹಳ್ಳಿ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿತಲ್ಲ, ಅದೂ ಸುಣ್ಣದಕಲ್ಲೇ. ಕೊಂಚಾವರಂ ಕಾಡಿನಲ್ಲಿ ಸಾಗವಾನಿ ಉಂಟು, ಆದರೆ ಆ ಕಾಡು 2011ರಿಂದ ಚಿಂಚೋಳಿ ವನ್ಯಜೀವಿ ಧಾಮ. ಹೊಲದ ಬದುವಿನ ಜಾಲಿ, ಬೇವು ರಂಟೆ-ಕುಂಟೆಗೆ, ಬಂಡಿಗೆ ಸರಿಹೋಗುತ್ತಿದ್ದವು. ಹನ್ನೆರಡು ಅಡಿಯ ಮೇಜಿನ ಮಾತೇ ಇರಲಿಲ್ಲ.

ಕಟ್ಟೆಯ ಮೇಲೆ ಸಂಜೆ ಒಂದು ತಾಸು ಕೂರಬಹುದು. ಎಂಟು ತಾಸು ಮೊಣಕೈ ಊರಿ ಕೆಲಸ ಮಾಡಲಾಗದು. ಕಲ್ಲು ಮರಕ್ಕಿಂತ ಸುಮಾರು ಹತ್ತು ಪಟ್ಟು ಬೇಗ ಶಾಖ ಸಾಗಿಸುತ್ತದೆ. ಎ.ಸಿ. ಹಾಲ್‌ನಲ್ಲಿ ಅದು ಮುಂಗೈಯ ಬಿಸಿಯನ್ನೆಲ್ಲ ಹೀರುತ್ತ ತಣ್ಣಗೆ ಕೊರೆಯುತ್ತದೆ. ಮರ ಹಾಗಲ್ಲ, ಮುಟ್ಟಿದ ಗಳಿಗೆಯಲ್ಲೇ ಮೈಯ ಬಿಸಿಗೆ ಹೊಂದಿಕೊಳ್ಳುತ್ತದೆ. ಗೋಡೆ, ಬಾಗಿಲು, ಸ್ವಂತ ಡ್ರಾಯರ್ ಎಲ್ಲ ಕಿತ್ತುಕೊಂಡ ಕಂಪನಿಗಳು ಅದಕ್ಕೆ ಬದಲಾಗಿ ಕೊಟ್ಟ ಪರಿಹಾರ ಈ ಮರದ ಹಲಗೆ ಎಂದರೆ ತಪ್ಪಾಗದು.

ಮೇಜು ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಬಗ್ಗಿ ಅದರ ಅಡಿ ನೋಡಬೇಕು. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಅಂಗುಲ ದಪ್ಪದ ಸಾಗವಾನಿ ಹಲಗೆಗೆ ಆರು ಘನ ಅಡಿ ಮರ ಬೇಕು. ತೂಕ 110 ಕಿಲೋ ಸುಮಾರು. ಇದು ಲಿಫ್ಟಿನಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಎರಡು ತುಂಡಾಗಿ ಮಾಡಿ, ಎಂಟನೇ ಅಂತಸ್ತಿಗೆ ಒಯ್ದು, ಅಡಿಯಿಂದ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಕಾಲುಗಳ ನಡುವಿನ ಅಂತರ ಇಮ್ಮಡಿಯಾದರೆ ನಡುವೆ ಇಟ್ಟ ಅದೇ ಭಾರಕ್ಕೆ ಹಲಗೆ ಎಂಟು ಪಟ್ಟು ಬಾಗುತ್ತದೆ. ಅದಕ್ಕೇ ಕೆಳಗೆ ಕಬ್ಬಿಣದ ಚೌಕಟ್ಟು.

ಆ ಚೌಕಟ್ಟಿಗೆ ಹಲಗೆಯನ್ನು ಕೂರಿಸುವ ಸ್ಕ್ರೂಗಳಲ್ಲಿ ನಿಜವಾದ ಕಸುಬು ಇರುವುದು. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಳೆಗಾಲದ ತೇವಕ್ಕೂ ಎ.ಸಿ.ಯ ಒಣ ಗಾಳಿಗೂ ನಡುವೆ ಮರದೊಳಗಿನ ನೀರು ನೂರಕ್ಕೆ ನಾಲ್ಕರಷ್ಟು ಏರಿಳಿದರೆ ನಾಲ್ಕು ಅಡಿ ಅಗಲದ ಸಾಗವಾನಿ ಎಂಟು ಮಿಲಿಮೀಟರಿನವರೆಗೆ ಸರಿಯಬಲ್ಲದು. ಸ್ಕ್ರೂವಿಗೆ ದುಂಡು ತೂತು ಕೊರೆದು ಬಿಗಿದುಬಿಟ್ಟರೆ ಸರಿಯಲು ಜಾಗವಿಲ್ಲದೆ ಹಲಗೆ ಸೀಳುತ್ತದೆ. ಬಲ್ಲವರು ಕಬ್ಬಿಣದಲ್ಲಿ ಅಡ್ಡಕ್ಕೆ ಉದ್ದನೆಯ ತೂತು ಬಿಟ್ಟು, ವಾಷರ್ ಹಾಕಿ, ಸ್ಕ್ರೂ ಅತ್ತಿತ್ತ ಜಾರುವಂತೆ ಮಾಡುತ್ತಾರೆ. ಪಾಲಿಶ್ ಅಡಿಭಾಗಕ್ಕೂ ಬೇಕು. ಮೇಲಷ್ಟೇ ಬಳಿದರೆ ಎರಡು ಮೈ ಬೇರೆ ಬೇರೆ ವೇಗದಲ್ಲಿ ನೀರು ಕುಡಿದು ಹಲಗೆ ತಟ್ಟೆಯಂತೆ ಸೊಟ್ಟಗಾಗುತ್ತದೆ.

ಇದೆಲ್ಲ ಕಲಬುರಗಿ ಸೀಮೆಯ ಬಡಿಗರಿಗೆ ಹೊಸದೇನಲ್ಲ. ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಬಂಡಿ ಗಾಲಿಯ ಮರ ಒಣಗಿ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾಗುತ್ತಿತ್ತು. ಗಾಲಿಯನ್ನು ಹಳ್ಳದ ನೀರಿಗೆ ಉರುಳಿಸಿ ನೆನೆಹಾಕಿದರೆ ಮರ ಉಬ್ಬಿ ಮತ್ತೆ ಬಿಗಿ. ಮೇಜನ್ನು ನೆನೆಹಾಕುವಂತಿಲ್ಲ, ಆದ್ದರಿಂದ ಮೊದಲೇ ಒಣಗಿಸಬೇಕು. ಭಟ್ಟಿಯಲ್ಲಿ ಒಣಗಿಸಿ, ಎರಡು ಮುಳ್ಳಿನ ಮೀಟರ್ ಚುಚ್ಚಿ, ನೀರು ನೂರಕ್ಕೆ ಎಂಟರಿಂದ ಹನ್ನೆರಡಕ್ಕೆ ಇಳಿದದ್ದು ಖಾತ್ರಿಯಾದ ಮೇಲೆಯೇ ಉಜ್ಜುವ ಕೆಲಸ.

ಮರ ಬರುವ ದಾರಿಗಳು ಹಲವು. ದಾಂಡೇಲಿ, ಯಲ್ಲಾಪುರ ಕಡೆಯ ಅರಣ್ಯ ಇಲಾಖೆಯ ನಾಟಾ ಹರಾಜು, ಮಂಗಳೂರು ಬಂದರಿಗೆ ಇಳಿಯುವ ವಿದೇಶಿ ದಿಮ್ಮಿ, ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್. ಸಾಗವಾನಿ ಎಂದು ಮಾರುವ ಎಷ್ಟೋ ಮೇಜುಗಳು ಪ್ಲೈವುಡ್ ಮೇಲೆ ಅಂಟಿಸಿದ ಕಾಗದದಷ್ಟು ತೆಳು ಪದರ. ತಲೆಕಡೆಯ ಅಂಚು ನೋಡಿದರೆ ಗೊತ್ತಾಗುತ್ತದೆ: ಗಟ್ಟಿ ಮರವಾದರೆ ಉಂಗುರಗಳ ತುದಿ ಕಾಣಬೇಕು. ತೆಳು ಪದರದ್ದು ಕೆಟ್ಟದ್ದೇನಲ್ಲ, ಅಗ್ಗ, ಸೊಟ್ಟಗಾಗುವುದೂ ಕಡಿಮೆ. ಕಾಫಿ ಲೋಟದ ಕಲೆ ಆಳವಾಗಿ ಇಳಿದರೆ ಮಾತ್ರ ಉಜ್ಜಿ ತೆಗೆಯಲಾಗದು.

ಇಷ್ಟು ಮಾಡಿ ಕೂರಿಸಿದ ಮೇಜಿನ ಸುತ್ತ ಮಾತುಕತೆ ಹೆಚ್ಚಿತೇ? ಹಾರ್ವರ್ಡ್‌ನ ಎಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರೆದ ಕಚೇರಿಗೆ ಬದಲಾದ ಎರಡು ದೊಡ್ಡ ಕಂಪನಿಗಳ ನೌಕರರಿಗೆ ಸೆನ್ಸರ್ ಇದ್ದ ಬಿಲ್ಲೆ ತೊಡಿಸಿ ಅಳೆದರು. ಮುಖಾಮುಖಿ ಮಾತು ಸುಮಾರು ಶೇ 70ರಷ್ಟು ಇಳಿದಿತ್ತು, ಇಮೇಲ್-ಸಂದೇಶ ಏರಿತ್ತು. ಎದುರಿಗೆ ಹತ್ತು ಜನರಿದ್ದರೆ ಮನುಷ್ಯ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತನ್ನ ಗೋಡೆ ತಾನೇ ಕಟ್ಟಿಕೊಳ್ಳುತ್ತಾನೆ. ಊಟಕ್ಕೆ, ಅರ್ಧ ತಾಸಿನ ಚರ್ಚೆಗೆ ಉದ್ದ ಮೇಜು ಬಹಳ ಒಳ್ಳೆಯದು. ದಿನವಿಡೀ ಅಲ್ಲೇ ಕೂರಿಸುವುದು ಚದರಡಿ ಬಾಡಿಗೆಯ ಲೆಕ್ಕ.

ಹಂಚಿಕೊಂಡ ಮೇಜು ತಕರಾರಿಲ್ಲದೆ ನಡೆಯುವುದು ಗ್ರಂಥಾಲಯದಲ್ಲಿ, ಏಕೆಂದರೆ ಅಲ್ಲಿ ಮಾತಾಡಬಾರದೆಂಬುದು ಎಲ್ಲರೂ ಒಪ್ಪಿದ ಕರಾರು. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳು. ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವ ಹಳ್ಳಿಯ ಯುವಕರಿಗೆ ಬೇಕಾದದ್ದು ತಾಸುಗಟ್ಟಲೆ ಕೂರಬಹುದಾದ ಜಾಗ. ಪ್ಲಾಸ್ಟಿಕ್ ಟೇಬಲ್ ಕೊಳ್ಳುವ ಬದಲು ಊರ ಬಡಿಗನಿಗೆ ಎಂಟಡಿ ಉದ್ದ, ಮೂರಡಿ ಅಗಲದ ಮೇಜು ಹೇಳಿದರೆ ಆರು ಜನ ಕೂರಬಹುದು. ನೆಲಕ್ಕೆ ಪರಸಿ ಇದ್ದೇ ಇದೆ. ಮೇಲಿನ ಹಲಗೆ ಮರದ್ದಾಗಲಿ, ಚೌಕಟ್ಟಿನ ತೂತು ಉದ್ದವಾಗಿರಲಿ, ಬಿಲ್ ಪಾಸು ಮಾಡುವ ಮೊದಲು ಯಾರಾದರೊಬ್ಬರು ಬಗ್ಗಿ ಅಡಿಭಾಗಕ್ಕೆ ಪಾಲಿಶ್ ಬಿದ್ದಿದೆಯೇ ನೋಡಲಿ.