ಹಾಲಿನ ಸೀಮೆಗೆ ಬಂದ ತಗಡಿನ ಡಬ್ಬಿ

ಮಂಡ್ಯದಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ಗೆಜ್ಜಲಗೆರೆ ಸಿಗುತ್ತದೆ. ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವುದು ಅಲ್ಲೇ. ಮಳವಳ್ಳಿ, ಮದ್ದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಬೆಳಗ್ಗೆ, ಸಂಜೆ ಕರೆದ ಹಾಲು ಅಲ್ಲಿಗೆ ಬಂದು ಪ್ಯಾಕೆಟ್ ಸೇರುತ್ತದೆ, ಒಂದಷ್ಟು ಪುಡಿಯೂ ಆಗುತ್ತದೆ. ಆದರೂ ಎದೆಹಾಲು ಸಾಲದ ಬಾಣಂತಿಯ ಮನೆಯವರು ಮೆಡಿಕಲ್ ಶಾಪಿನಲ್ಲಿ ನಿಂತು ಕೇಳುವುದು ಎಲ್ಲೋ ದೂರದಲ್ಲಿ ತಯಾರಾದ ‘ಡಬ್ಬಿ ಹಾಲ’ನ್ನು. ಡಾಕ್ಟರು ಬರೆದುಕೊಟ್ಟಿದ್ದರೆ ಕೇಳಬೇಕಾದ್ದೂ ಅದನ್ನೇ. ಶಾಲೆ, ಅಂಗನವಾಡಿಗಳಲ್ಲಿ 2013ರಿಂದ ಕ್ಷೀರಭಾಗ್ಯಕ್ಕೆ ಕಲಸುತ್ತಿರುವ ಪುಡಿ ಓಡಾಡುವ ಮಕ್ಕಳಿಗೆ ಸರಿ, ಹಸುಗೂಸಿಗೆ ಅಲ್ಲ.

ಮಗುವಿನ ಹಾಲಿನ ಡಬ್ಬಿ ನಮ್ಮ ದೇಶಕ್ಕೆ ಮೊದಲು ಬಂದದ್ದು ಹಡಗಿನಲ್ಲಿ. ಇವತ್ತು ಔಷಧಿಗೆ ಹೆಸರಾದ ಗ್ಲ್ಯಾಕ್ಸೊ ಹುಟ್ಟಿದ್ದೇ ಕೂಸಿನ ಹಾಲಿನ ಪುಡಿಯ ಹೆಸರಾಗಿ, ನ್ಯೂಜಿಲೆಂಡಿನ ಹಾಲಿನಿಂದ, 1906ರಲ್ಲಿ. ಆ ಪುಡಿಯನ್ನು ಇಲ್ಲಿ ಮಾರಲು 1924ರಲ್ಲಿ ಎಚ್.ಜೆ. ಫಾಸ್ಟರ್ ಎಂಬ ಕಂಪನಿ ಶುರುವಾಯಿತು. ಸ್ವಾತಂತ್ರ್ಯ ಬಂದ ಮೇಲೂ ಕೂಸಿನ ಹಾಲಿಗೆ ನಾವು ಪರದೇಶದ ದಾರಿಯನ್ನೇ ನೋಡುತ್ತಿದ್ದೆವು.

ಈ ಕಥೆ ತಿರುಗಿದ್ದು ಮಂಡ್ಯದ ಪಕ್ಕದ ಮೈಸೂರಿನಲ್ಲಿ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಬಾಗಿಲು ತೆರೆದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯಕ್ಕೆ ವಿ. ಸುಬ್ರಹ್ಮಣ್ಯನ್ ಮೊದಲ ನಿರ್ದೇಶಕರು. ದೇಶದಲ್ಲಿ ಹೇರಳವಾಗಿದ್ದದ್ದು ಎಮ್ಮೆ ಹಾಲು. ಅದರಲ್ಲಿ ಕೊಬ್ಬು ಜಾಸ್ತಿ, ಕೇಸೀನ್ ಎಂಬ ಪ್ರೋಟೀನೂ ಜಾಸ್ತಿ. ಕೂಸಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಅರಗುವುದಿಲ್ಲ. ಎಮ್ಮೆ ಹಾಲನ್ನು ಪುಡಿ ಮಾಡುವುದೇ ಅಸಾಧ್ಯ ಎಂದು ಹೊರದೇಶದ ತಜ್ಞರು ಕೈ ತೊಳೆದುಕೊಂಡಿದ್ದರು. ಗುಜರಾತಿನ ಆಣಂದದಲ್ಲಿ ಎಚ್.ಎಂ. ದಲಾಯಾ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಅಲ್ಲಿನ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. ಆ ಹಾಲು ಕೂಸಿಗೆ ಅರಗುವಂತೆ ಹದಗೊಳಿಸುವ ವಿಧಾನವನ್ನು ಮೈಸೂರಿನವರು ಕಂಡುಹಿಡಿದರು. 1960ರ ಹೊತ್ತಿಗೆ ಅಮುಲ್ ಬೇಬಿ ಫುಡ್ ಅಂಗಡಿಗೆ ಬಂತು. ನಮ್ಮ ಜನ ಮೈಸೂರಿನ ಹೆಸರು ಹೇಳುವಾಗ ರೇಷ್ಮೆ, ಗಂಧ, ಪಾಕ್ ಎಲ್ಲ ನೆನೆಯುತ್ತಾರೆ. ಇದನ್ನು ನೆನೆಯುವವರು ಕಡಿಮೆ.

ಪುಡಿ ಮಾಡಿದರೆ ಮುಗಿಯಲಿಲ್ಲ, ಕೆಡದಂತೆ ಇಡಬೇಕು. ಹಾಲಿನ ಕೊಬ್ಬಿಗೆ ಗಾಳಿ ತಾಗಿದರೆ ಕಮಟು ಬರುತ್ತದೆ, ತೇವ ತಾಗಿದರೆ ಪುಡಿ ಗಂಟುಕಟ್ಟುತ್ತದೆ. ಅದಕ್ಕೇ ತವರ ಲೇಪಿಸಿದ ಕಬ್ಬಿಣದ ತಗಡು, ಒಳಗೆ ಗಾಳಿ ತೆಗೆದು ತುಂಬಿದ ನೈಟ್ರೋಜನ್, ಬಾಯಿಗೆ ಸೀಲು. ಹಿಂದೆ ಆಹಾರದ ಡಬ್ಬಿಗಳ ಅಂಚನ್ನು ಸೀಸ ಬೆರೆತ ಬೆಸುಗೆಯಲ್ಲಿ ಕೂಡಿಸುವುದಿತ್ತು. ವಿದ್ಯುತ್ ವೆಲ್ಡಿಂಗ್ ಬಂದ ಮೇಲೆ ಆ ಭಯ ತಗ್ಗಿತು. ಖಾಲಿಯಾದ ಡಬ್ಬಿ ಅಡುಗೆಮನೆಯ ಹಲಗೆ ಏರಿ ಸಾಸಿವೆ, ಜೀರಿಗೆ, ರಾಗಿ ಸರಿಹಿಟ್ಟು ಕಾಯುತ್ತಿತ್ತು.

ಡಬ್ಬಿ ಭದ್ರವಾಯಿತು, ಮಗು ಆಗಲಿಲ್ಲ. ಮಾರಾಟದ ಅಬ್ಬರದಲ್ಲಿ ಎದೆಹಾಲಿದ್ದ ತಾಯಂದಿರೂ ಡಬ್ಬಿ ಹಿಡಿದರು. ಬಡವರ ಮನೆಯಲ್ಲಿ ದುಬಾರಿ ಪುಡಿಯನ್ನು ಉಳಿಸಲು ನೀರು ಹೆಚ್ಚು ಬೆರೆಸಿದರು. ಶುದ್ಧವಲ್ಲದ ನೀರು, ಸರಿಯಾಗಿ ತೊಳೆಯದ ಬಾಟಲಿ ಸೇರಿ ಭೇದಿ ಹತ್ತಿತು. ಆಫ್ರಿಕಾದಲ್ಲೂ ಏಷ್ಯಾದಲ್ಲೂ ಇದೇ ಗೋಳು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಡಬ್ಬಿ ಹಾಲಿನ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆ ತಂದಾಗ 118 ದೇಶಗಳು ಪರವಾಗಿ ಕೈ ಎತ್ತಿದವು. ವಿರೋಧಿಸಿದ್ದು ಅಮೆರಿಕ ಒಂದೇ.

ನಮ್ಮಲ್ಲಿ ಕಾಯ್ದೆಯಾದದ್ದು 1992ರಲ್ಲಿ, ಜಾರಿಗೆ ಬಂದದ್ದು 1993ರ ಆಗಸ್ಟ್ 1ರಂದು. ಡಬ್ಬಿಯ ಮುಖವನ್ನೇ ಬದಲಿಸಿದ ಕಾಯ್ದೆ ಇದು. ಕೆನ್ನೆ ತುಂಬಿದ ಮಗುವಿನ ಚಿತ್ರ ಹಾಕುವಂತಿಲ್ಲ, ತಾಯಿಯ ಚಿತ್ರವೂ ಕೂಡದು. ತಾಯಿಯ ಹಾಲೇ ನಿಮ್ಮ ಮಗುವಿಗೆ ಶ್ರೇಷ್ಠ ಎಂದು ಎದ್ದು ಕಾಣುವಂತೆ ಬರೆಯಬೇಕು. ಕಲಸುವ ಕ್ರಮ, ಬ್ಯಾಚ್ ನಂಬರು, ಬಳಸಲು ಕೊನೆಯ ದಿನಾಂಕ ಇರಬೇಕು. ಜಾಹೀರಾತು, ಉಚಿತ ಸ್ಯಾಂಪಲ್ ನಿಷಿದ್ಧ. 2003ರ ತಿದ್ದುಪಡಿ ಹಗ್ಗವನ್ನು ಇನ್ನಷ್ಟು ಬಿಗಿ ಮಾಡಿತು. ಲೇಬಲ್ ನಿಯಮ ಮುರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ಕನಿಷ್ಠ 2,000 ರೂಪಾಯಿ ದಂಡ. ಇವತ್ತಿನ ಲೆಕ್ಕದಲ್ಲಿ ಆ ದಂಡ ಕೆಲವೇ ಡಬ್ಬಿಗಳ ಬೆಲೆ!

ಈಗ ತಗಡಿನ ಜಾಗಕ್ಕೆ ರಟ್ಟಿನ ಪೆಟ್ಟಿಗೆ, ಅದರೊಳಗೊಂದು ಫಾಯಿಲ್ ಚೀಲ ಬಂದಿದೆ. ಅಗ್ಗ ನಿಜ, ಆದರೆ ಕತ್ತರಿಸಿದ ಚೀಲಕ್ಕೆ ಮುಚ್ಚಳವಿಲ್ಲ. ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಸಾಲದು. ಚೀಲದ ಬಾಯಿ ಮಡಚಿ, ಒಣಗಿದ ಬಿಗಿ ಡಬ್ಬಿಯೊಳಗೆ ಇಟ್ಟು, ಲೇಬಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಮುಗಿಸಬೇಕು. ಒಂದು ಕಂಪನಿಯ ಚಮಚವನ್ನು ಇನ್ನೊಂದರ ಪುಡಿಗೆ ಬಳಸಬಾರದು, ಅಳತೆ ತಪ್ಪುತ್ತದೆ. ಸೀಲು ಎಷ್ಟೇ ಬಿಗಿಯಿದ್ದರೂ ಈ ಪುಡಿ ರೋಗಾಣುರಹಿತವಲ್ಲ ಎಂಬುದು ಬಹಳ ಜನಕ್ಕೆ ತಿಳಿಯದು. ಕ್ರೋನೊಬ್ಯಾಕ್ಟರ್ ಎಂಬ ಅಣುಜೀವಿ ಒಣಪುಡಿಯಲ್ಲೂ ಬದುಕುತ್ತದೆ. ಅದರ ಭಯದಿಂದಲೇ 2022ರಲ್ಲಿ ಅಮೆರಿಕದ ದೊಡ್ಡ ಕಾರ್ಖಾನೆಯೊಂದು ಬಾಗಿಲು ಹಾಕಿ, ಅಲ್ಲಿನ ಅಂಗಡಿಗಳಲ್ಲಿ ಡಬ್ಬಿಗೆ ಹಾಹಾಕಾರವೆದ್ದಿತ್ತು. ಈ ಅಣುಜೀವಿಯ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ: ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಕಲಸಿ, ಆಮೇಲೆ ಆರಿಸಿ ಕುಡಿಸಿ. ಬಾಟಲಿಗಿಂತ ನಮ್ಮಜ್ಜಿಯರ ಒಳಲೆ ವಾಸಿ. ಸಂದುಗೊಂದಿಲ್ಲ, ತೊಳೆದು ಕುದಿಸುವುದು ಸುಲಭ.

ಇಷ್ಟೆಲ್ಲ ಎಚ್ಚರಿಕೆಯನ್ನು ಮಳವಳ್ಳಿಯ ಅಜ್ಜಿ ಎಲ್ಲಿ ಓದಬೇಕು? ಕೇಂದ್ರದ ಆಹಾರ ಲೇಬಲ್ ನಿಯಮಕ್ಕೆ ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿ ಇದ್ದರೆ ಸಾಕು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಪೊಟ್ಟಣದ ಮೇಲೆ ಹೆಸರು, ಬಳಸುವ ಕ್ರಮ ಕನ್ನಡದಲ್ಲೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. 2025ರ ಆರಂಭದಲ್ಲಿ ಸರ್ಕಾರ ಅದನ್ನು ಮತ್ತೆ ನೆನಪಿಸಿತು. ಹೊರಗಿನಿಂದ ಬರುವ ಹಾಲಿನ ಡಬ್ಬಿ ಆ ಮಾತಿಗೆ ಸಿಗುವುದಿಲ್ಲ. ಆದರೆ ಕನ್ನಡ ಅಚ್ಚುಹಾಕಬೇಡಿ ಎಂದು ಯಾವ ನಿಯಮವೂ ತಡೆದಿಲ್ಲ. ನೀರೆಷ್ಟು, ಪುಡಿಯೆಷ್ಟು, ಎಷ್ಟು ಬಿಸಿ ಎಂಬ ಮೂರು ಸಾಲನ್ನಾದರೂ ಕಂಪನಿಗಳು ಕನ್ನಡದಲ್ಲಿ ಹಾಕಲಿ. ಅಲ್ಲಿಯವರೆಗೆ ಡಬ್ಬಿ ಕೊಡುವ ಮೆಡಿಕಲ್ ಶಾಪಿನವರು, ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಅದನ್ನು ಒಮ್ಮೆ ಓದಿ ಹೇಳಿಯೇ ಕೊಡಲಿ.